ಕಿಡಿಗೇಡಿ ಯಾರು, ತರಲೆ ಯಾರು?

ಪ್ರಶ್ನೆ: ನೆಂಟರೆಲ್ಲ ಒಳಗೆ ಊಟಕ್ಕೆ ಕೂತಿದ್ದಾಗ ನನ್ನ ಎಂಟು ವರ್ಷದ ಮಗ ಬಾಗಿಲ ಹತ್ರ ಬಿಟ್ಟಿದ್ದ ಚಪ್ಪಲಿ ಜೋಡಿಗಳನ್ನೆಲ್ಲ ಅದಲು ಬದಲು ಮಾಡಿಟ್ಟಿದ್ದ. ಸಿಟ್ಟಲ್ಲಿ ‘ಕಿಡಿಗೇಡಿ’ ಅಂದ್ಬಿಟ್ಟೆ. ನಮ್ಮತ್ತೆ ಮುಖ ಊದಿಸ್ಕೊಂಡು ‘ಮಗೂಗೆ ಹಾಗೆಲ್ಲ ಅನ್ಬಾರ್ದು’ ಅಂದ್ರು. ಅದೇನು ಅಷ್ಟು ಕೆಟ್ಟ ಮಾತಾ ಸರ್? ಪೇಪರ್‌ನಲ್ಲಿ ದಿನಾ ಬರುತ್ತಲ್ಲ?

ಉತ್ತರ: ಬರುತ್ತೆ ಮೇಡಂ, ಆದ್ರೆ ಯಾರಿಗೆ ಬರುತ್ತೆ ನೋಡಿ. ಬಣವೆಗೆ ಬೆಂಕಿ ಇಟ್ಟೋರು, ಪ್ರತಿಮೆಗೆ ಮಸಿ ಬಳಿದೋರು, ಬೆಳೆದು ನಿಂತ ಗಿಡಾನ ರಾತ್ರೋರಾತ್ರಿ ಕಡಿದು ಹಾಕಿದೋರು, ಯಾರು ಅಂತ ಇನ್ನೂ ಗೊತ್ತಾಗಿರಲ್ಲ, ಆದ್ರೆ ಹಾಳು ಮಾಡ್ಬೇಕು ಅಂತಲೇ ಮಾಡಿದ್ದು ಅನ್ನೋದು ಗೊತ್ತಿರುತ್ತೆ, ಆಗ ಹೆಡ್ಡಿಂಗಲ್ಲಿ ‘ಕಿಡಿಗೇಡಿಗಳು’. ಕೊಲೆಗಿಲೆ ಆದ್ರೆ ‘ದುಷ್ಕರ್ಮಿಗಳು’ ಆಗ್ತಾರೆ.

ಪದ ಬಿಡಿಸಿದ್ರೆ ಕಿಡಿ, ಕೇಡಿ. ‘ಪಡು’ ಹೇಗೆ ‘ಪಾಡು’ ಆಗುತ್ತೋ ಹಾಗೆ ‘ಕೆಡು’ ‘ಕೇಡು’ ಆಯ್ತು, ಕೇಡು ಇರೋನು ಕೇಡಿ, ಮಳೆ ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲೂ ಕಕಾರ ಗಕಾರ ಆಗಿದೆ. ಇದರ ಅಣ್ತಮ್ಮಂದಿರು ತುಂಬಾ ಜನ ಇದಾರೆ, ಎಲ್ರದ್ದೂ ಒಂದೇ ಗುಣ ಅಲ್ಲ. ಲಜ್ಜೆಗೇಡಿ ಅಂದ್ರೆ ಲಜ್ಜೆಯನ್ನ ತಾನೇ ಕಳ್ಕೊಂಡೋನು, ಮನೆಗೇಡಿ ಅಂದ್ರೆ ಮನೆಯನ್ನೇ ಹಾಳು ಮಾಡೋನು. ಕಿಡಿಗೇಡಿಗೆ ಕಿಡಿಯೇ ಆಯುಧ, ಒಂದು ಸಣ್ಣ ಕಿಡಿ ಹಾಕಿ ದೂರ ನಿಂತು ನೋಡೋ ಬುದ್ಧಿ. ಇಬ್ಬರ ಮಧ್ಯೆ ಮಾತು ತಂದಿಟ್ಟು ಜಗಳ ಹಚ್ಚೋರಿಗೂ ಅದಕ್ಕೇ ಈ ಪದ ಸರಿಯಾಗಿ ಒಪ್ಪುತ್ತೆ.

ಇನ್ನೊಂದು ವಿಷ್ಯ, ಕಿಡಿಗೇಡಿ ಗಂಡಿಗೂ ಸೈ ಹೆಣ್ಣಿಗೂ ಸೈ. ‘ಪುಂಡ’ ಹಾಗಲ್ಲ, ಹೆಣ್ಣಿಗೆ ‘ಪುಂಡಿ’ ಅನ್ನೋಕೆ ಹೋದ್ರೆ ಸೊಪ್ಪಿನ ಹೆಸರಾಗುತ್ತೆ! ಆದ್ರೆ ಕಾಡಿಂದ ಬಂದು ತೋಟ ತುಳಿಯೋ ಆನೆಗೆ ಮಾತ್ರ ಪೇಪರ್‌ನೋರು ‘ಪುಂಡಾನೆ’ ಅಂತಾರೆ, ‘ಕಿಡಿಗೇಡಿ ಆನೆ’ ಅಂತ ನಾನಂತೂ ಓದಿಲ್ಲ. ಆನೆಗೆ ದಾಂಧಲೆ ಗೊತ್ತು, ಸಂಚು ಗೊತ್ತಿಲ್ಲ ನೋಡಿ.

ಹಾಗಾಗಿ ನನ್ನ ವೋಟು ನಿಮ್ಮತ್ತೆಗೇ. ನಿಮ್ಮ ಮಗ ಮಾಡಿದ್ದು ಕಿತಾಪತಿ, ಮಾಡಿದೋನು ತರಲೆ. ‘ತರಲೆ’ ಅನ್ನುವಾಗ ಬೈಯೋರ ತುಟಿ ಅಂಚಲ್ಲಿ ನಗು ಇರುತ್ತೆ, ‘ಕಿಡಿಗೇಡಿ’ ಅನ್ನುವಾಗ ಇರಲ್ಲ. ಅಂದ ಹಾಗೆ, ನೆಂಟರೆಲ್ಲ ಅವರವರ ಚಪ್ಪಲೀನೇ ಹಾಕ್ಕೊಂಡು ಹೋದ್ರು ತಾನೇ?