ಓದುಗರ ಪ್ರಶ್ನೆ, ನಮ್ಮ ಉತ್ತರ: ಈಜುಕೊಳದ ಗ್ಯಾಸ್ ಹೀಟರಿಗೆ ಸುರಕ್ಷಿತ ಜಾಗ ಯಾವುದು?

ಪ್ರಶ್ನೆ: ಆನೆಗೊಂದಿಯ ಸಮೀಪ ನಮ್ಮ ಹೊಲದಲ್ಲಿಯೇ ಪ್ರವಾಸಿಗರಿಗಾಗಿ ಸಣ್ಣದೊಂದು ವಸತಿಗೃಹ ನಡೆಸುತ್ತಿದ್ದೇವೆ. ಅದರ ಹಿಂದೆ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಈಜುಕೊಳವಿದೆ. ಡಿಸೆಂಬರ್, ಜನವರಿಯಲ್ಲಿ ನೀರು ತೀರಾ ತಣ್ಣಗಿರುತ್ತದೆಂದು ಬಂದವರು ಹೇಳುವುದರಿಂದ ಎಲ್‌ಪಿಜಿ ಹೀಟರ್ ಹಾಕಿಸಬೇಕೆಂದಿದ್ದೇವೆ. ಪಂಪು ಮತ್ತು ಫಿಲ್ಟರ್ ಇರುವ ಕೋಣೆ ನೆಲಮಟ್ಟದಿಂದ ಆರು ಅಡಿ ಕೆಳಗಿದೆ. ಹೀಟರನ್ನೂ ಸಿಲಿಂಡರುಗಳನ್ನೂ ಅಲ್ಲಿಯೇ ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಪೈಪಿನ ಖರ್ಚೂ ಉಳಿಯುತ್ತದೆ ಎಂದು ಪ್ಲಂಬರ್ ಹೇಳುತ್ತಾರೆ. ಕೋಣೆಗಳ ಹಿಂಗೋಡೆಗೆ ಹೊಂದಿಸಿ, ಅಲ್ಲಿರುವ ಹುಲ್ಲಿನ ಚಪ್ಪರದ ಕೆಳಗೆ ಇಡೋಣವೆಂಬುದು ನನ್ನ ತಮ್ಮನ ಸಲಹೆ. ಇವೆರಡರಲ್ಲಿ ಯಾವುದು ಸರಿ?
— ಓದುಗರೊಬ್ಬರು, ಗಂಗಾವತಿ ತಾಲ್ಲೂಕು

ಉತ್ತರ: ಎರಡೂ ಸರಿಯಲ್ಲ, ಅದರಲ್ಲೂ ಮೊದಲನೆಯದನ್ನು ಖಂಡಿತವಾಗಿ ಕೈಬಿಡಿ. ಗ್ಯಾಸ್ ಹೀಟರಿನಿಂದ ಎರಡು ವಸ್ತುಗಳು ಹೊರಬೀಳುವ ಸಾಧ್ಯತೆಯಿದೆ. ಉರಿಯದೆ ಸೋರಿದ ಅನಿಲವು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಉರಿದ ಮೇಲಿನ ಬಿಸಿ ಹೊಗೆಯು ಮೇಲಕ್ಕೇರುತ್ತದೆ. ಕೆಳಗೆ ಹೋಗುವುದಕ್ಕೆ ನಿಲ್ಲಲು ಗುಂಡಿ ಸಿಗಬಾರದು, ಮೇಲೆ ಹೋಗುವುದಕ್ಕೆ ಅಡ್ಡವಾಗಿ ಮಾಡು ಇರಬಾರದು. ನಿಮ್ಮ ಪ್ಲಂಬರ್ ತೋರಿಸಿದ ಜಾಗವು ಮೊದಲನೆಯ ನಿಯಮಕ್ಕೆ ವಿರುದ್ಧವಾಗಿದೆ, ತಮ್ಮನವರು ತೋರಿಸಿದ್ದು ಎರಡನೆಯದಕ್ಕೆ.

ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಸುಮಾರು ಎರಡು ಪಟ್ಟು ಭಾರ. ಆದುದರಿಂದ ಸೋರಿದ ಅನಿಲವು ನೀರಿನಂತೆ ನೆಲದ ಮೇಲೆ ಹರಿದು ಮೆಟ್ಟಿಲಿಳಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಮತ್ತು ಮೇಲ್ಭಾಗದಲ್ಲಿ ಕಿಟಕಿಯೊಂದಿದ್ದ ಮಾತ್ರಕ್ಕೆ ಹೊರಗೆ ಹೋಗುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಅದು ಹೊತ್ತಿಕೊಳ್ಳುವ ಮಟ್ಟ ಮುಟ್ಟುತ್ತದೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಆರು ಅಡಿ ಎತ್ತರದ ಕೋಣೆಯನ್ನು ಆ ಮಟ್ಟಕ್ಕೆ ತರಲು ಒಂದು ಕಿಲೋಗಿಂತ ಕಡಿಮೆ ಅನಿಲ ಸಾಕು. ಬೆಳಗಿನ ಜಾವ ಪಂಪು ತಾನಾಗಿಯೇ ಚಾಲೂ ಆಗುವಾಗ ಸ್ವಿಚ್ಚಿನಲ್ಲಿ ಹುಟ್ಟುವ ಕಿಡಿಯೊಂದೇ ಉಳಿದ ಕೆಲಸ ಮಾಡಿಬಿಡುತ್ತದೆ. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ, ನಿಜ. ಆದರೆ ರಾತ್ರಿಯಿಡೀ ಮುಚ್ಚಿರುವ ಪಂಪ್ ಕೋಣೆಯಲ್ಲಿ ಆ ವಾಸನೆ ನೋಡುವವರು ಯಾರೂ ಇರುವುದಿಲ್ಲ.

ಆ ಕೋಣೆ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಕೊಳಕ್ಕೆ ಹಾಕುವ ಕ್ಲೋರಿನ್ ಪುಡಿ ಮತ್ತು ಆಮ್ಲದ ಕ್ಯಾನುಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಅವುಗಳ ಆವಿಯನ್ನು ಬರ್ನರ್ ಗಾಳಿಯೊಂದಿಗೆ ಒಳಕ್ಕೆ ಎಳೆದುಕೊಂಡರೆ ಹೀಟರಿನ ಲೋಹದ ಭಾಗಗಳು, ಮುಖ್ಯವಾಗಿ ನೀರು ಕಾಯುವ ತಾಮ್ರದ ಕೊಳವೆಗಳು, ಬೇಗನೆ ಸವೆಯುತ್ತವೆ. ಹೀಟರನ್ನು ಎಲ್ಲಿಯೇ ಇಟ್ಟರೂ ನೀರು ಪಂಪಿನಿಂದ ಫಿಲ್ಟರಿಗೆ, ಅಲ್ಲಿಂದ ಹೀಟರಿಗೆ ಬರಬೇಕು. ಕ್ಲೋರಿನ್ ಸೇರಿಸುವ ಸಾಧನವು ಹೀಟರ್ ದಾಟಿದ ಮೇಲೆ, ನಡುವೆ ಹಿಂದಕ್ಕೆ ಹರಿಯಗೊಡದ ವಾಲ್ವ್ ಸಹಿತ ಇರಬೇಕು.

ತಮ್ಮನವರ ಸಲಹೆಯಲ್ಲಿ ಅನಿಲ ನಿಲ್ಲುವ ಭಯ ಕಡಿಮೆ, ಆದರೆ ಹುಲ್ಲಿನ ಚಪ್ಪರದ ಕೆಳಗೆ ಉರಿಯುವ ಯಂತ್ರವನ್ನು ಇಡುವ ಯೋಚನೆಯೇ ಬೇಡ. ಕೋಣೆಗಳ ಹಿಂಗೋಡೆಯಲ್ಲಿ ಬಚ್ಚಲಿನ ಕಿಟಕಿಗಳು ಇರಬಹುದೆಂದು ಊಹಿಸುತ್ತೇನೆ. ಬರ್ನರಿಗೆ ಗಾಳಿ ಸಾಲದಿದ್ದರೆ ಅಥವಾ ಒಳಗೆ ಮಸಿ ಕಟ್ಟಿದ್ದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಚಳಿಗೆಂದು ಬಾಗಿಲು ಮುಚ್ಚಿ, ಹಿಂದಿನ ಕಿಟಕಿಯೊಂದನ್ನು ಮಾತ್ರ ತೆರೆದು ಮಲಗಿದ ಅತಿಥಿಗೆ ಅದು ಒಳಬಂದದ್ದು ತಿಳಿಯುವುದೇ ಇಲ್ಲ. ಹೊಗೆ ಹೊರಬೀಳುವ ಬಾಯಿಯು ಕಿಟಕಿ ಬಾಗಿಲುಗಳಿಂದ ಅಡ್ಡಕ್ಕೆ ಕನಿಷ್ಠ ನಾಲ್ಕು ಅಡಿ ದೂರವಿರಬೇಕೆಂದು ಬಹುತೇಕ ತಯಾರಕರ ಕೈಪಿಡಿಗಳು ಹೇಳುತ್ತವೆ. ಜನ ಮಲಗುವ ಕೋಣೆಗಳ ಮಟ್ಟಿಗೆ ಅದು ಸಾಲದು, ಹತ್ತು ಹದಿನೈದು ಅಡಿಯಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಹೊಲದಲ್ಲಿ ಜಾಗಕ್ಕೇನೂ ಬರವಿಲ್ಲವಲ್ಲ.

ಹಾಗಾದರೆ ಎಲ್ಲಿ? ಪಂಪ್ ಕೋಣೆಯಿಂದ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ, ನೆಲದ ಮೇಲೆ, ತೆರೆದ ಆಕಾಶದ ಕೆಳಗೆ. ಅಷ್ಟು ಉದ್ದದ ಪೈಪಿನಲ್ಲಿ ಕಳೆದುಹೋಗುವ ಶಾಖ ಅಲ್ಪ; ಹೊದಿಕೆ ಸುತ್ತಿಸಿದರೆ ಇನ್ನೂ ಅಲ್ಪ. ನೆಲಮಟ್ಟವು ಹೆಚ್ಚುಕಡಿಮೆ ಕೊಳದ ನೀರಿನ ಮಟ್ಟವೇ ಆಗಿರುವುದರಿಂದ, ನೀರು ಹರಿಯದಿದ್ದಾಗ ಉರಿಯನ್ನು ಆರಿಸುವ ಒತ್ತಡದ ಸ್ವಿಚ್ಚನ್ನು ವಿಶೇಷವಾಗಿ ಹೊಂದಿಸುವ ಅಗತ್ಯವೂ ಬೀಳಲಾರದು. ಕೊಳದ ಅಂಚಿನಿಂದ ಐದು ಅಡಿಗಿಂತ ಹತ್ತಿರ ಬೇಡ: ನೀರಿನಲ್ಲಿರುವವರ ಕೈಗೆ ವಿದ್ಯುತ್ ಸಂಪರ್ಕವಿರುವ ಬಿಸಿ ಯಂತ್ರ ಎಟುಕಬಾರದು. ಸೂರಿನಿಂದ ಮಳೆನೀರು ಸುರಿಯುವ ಕಡೆ, ಹುಲ್ಲುಹಾಸಿಗೆ ನೀರು ಚಿಮ್ಮುವ ಕಡೆಯೂ ಬೇಡ. ಅಡಿಯಲ್ಲಿ ಸಮತಟ್ಟಾದ ಕಾಂಕ್ರೀಟ್ ಹಾಸು ಇರಲಿ. ನಿಮ್ಮದು ಎರೆಭೂಮಿಯಾದರೆ ಈ ಹಾಸಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ತೆಳುವಾದ ಹಾಸು ಒಂದು ಕಡೆಗೆ ವಾಲಿದರೆ ಅದರ ಎಳೆತವೆಲ್ಲ ಗ್ಯಾಸ್ ಪೈಪಿನ ಕೂಡುಗಳ ಮೇಲೆ ಬೀಳುತ್ತದೆ. ಎರೆಮಣ್ಣನ್ನು ಅಗೆದು ತೆಗೆದು ಮರಂ ತುಂಬಿಸಿ ದಮ್ಮಸು ಮಾಡಿಸಿದ ಮೇಲೆಯೇ ಕಾಂಕ್ರೀಟ್ ಹಾಕಿಸಿ.

ಗಾಳಿಯ ದಿಕ್ಕನ್ನು ನೋಡುವಾಗ ನಮ್ಮ ಭಾಗದವರಿಗೆ ಒಮ್ಮೆಲೇ ನೆನಪಾಗುವುದು ಆಷಾಢದ ಪಡುವಣ ಗಾಳಿ. ಆದರೆ ನಿಮ್ಮ ಹೀಟರ್ ಉರಿಯುವುದು ಮಾರ್ಗಶಿರ, ಪುಷ್ಯಗಳಲ್ಲಿ. ಆಗ ಇಲ್ಲಿ ಬೀಸುವುದು ಹೆಚ್ಚಾಗಿ ಮೂಡಣದಿಂದ. ಆಷಾಢವನ್ನು ನಂಬಿ ಕೋಣೆಗಳ ಮೂಡಣ ಬದಿಗೆ ಹೀಟರ್ ಕೂರಿಸಿದರೆ ಬಳಸುವ ಕಾಲದಲ್ಲಿ ಹೊಗೆಯೆಲ್ಲ ಕೋಣೆಗಳ ಮೇಲೆಯೇ ಬರುತ್ತದೆ. ಅಲ್ಲದೆ ಆನೆಗೊಂದಿ ಕಡೆಯ ಬಂಡೆಗುಡ್ಡಗಳ ನಡುವೆ ಗಾಳಿ ನೇರವಾಗಿ ಬೀಸದೆ ಸುಳಿಯುತ್ತದೆ. ಚಳಿಗಾಲದ ಸಂಜೆ ಗದ್ದೆಗಳಲ್ಲಿ ಹುಲ್ಲು ಸುಟ್ಟ ಹೊಗೆ ಮೇಲೇರದೆ ಹಾಸಿಕೊಂಡು ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಆದುದರಿಂದ ಹೀಟರ್ ಕೊಳ್ಳುವ ಮೊದಲೇ, ಚಳಿಯ ದಿನಗಳಲ್ಲಿ ಸೂರ್ಯ ಮುಳುಗಿದ ಮೇಲೊಮ್ಮೆ ಮತ್ತು ನಸುಕಿನಲ್ಲೊಮ್ಮೆ, ಆರಿಸಿದ ಜಾಗದಲ್ಲಿ ಲೋಬಾನದ ಹೊಗೆ ಹಾಕಿ ಅದು ಎತ್ತ ಹೋಗುತ್ತದೆಂದು ನೋಡಿ. ಎತ್ತರದ ಗೋಡೆಯ ಅಥವಾ ಬಂಡೆಯ ಬುಡಕ್ಕೆ ಹೀಟರ್ ಒತ್ತಿಕೊಂಡಿದ್ದರೆ ಗಾಳಿ ಗೋಡೆಗೆ ಬಡಿದು ಕೆಳಗಿಳಿದು ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ, ಕೆಲವೊಮ್ಮೆ ಉರಿಯನ್ನೇ ಆರಿಸುತ್ತದೆ; ಮೂರು ಅಡಿಯಾದರೂ ಬಿಡಿ. ಮುಂಭಾಗದಲ್ಲಿಯೂ ಮೂರು ಅಡಿ ಬೇಕು, ಏಕೆಂದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಿಂದ ಕೊಳವೆಗಳಲ್ಲಿ ಸುಣ್ಣ ಕಟ್ಟುವುದು ಖಚಿತ. ಬರ್ನರನ್ನು ಹೊರಗೆಳೆದು ಶುಚಿ ಮಾಡಲು ಕೈಯಾಡಬೇಕು.

ಇನ್ನು ನೀವು ಕೇಳದೆ ಬಿಟ್ಟ, ಆದರೆ ಹೀಟರಿಗಿಂತ ದೊಡ್ಡದಾದ ಪ್ರಶ್ನೆಗೆ ಬರುತ್ತೇನೆ: ಸಿಲಿಂಡರುಗಳು ಎಲ್ಲಿರಬೇಕು ಮತ್ತು ಎಷ್ಟಿರಬೇಕು? ನಿಮ್ಮ ಕೊಳದಲ್ಲಿ 70,000 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಐದು ಡಿಗ್ರಿ ಬಿಸಿ ಮಾಡಲು, ಹೀಟರ್ ನೂರಕ್ಕೆ ಎಂಬತ್ತರಷ್ಟು ಶಾಖವನ್ನು ನೀರಿಗೆ ಕೊಡುತ್ತದೆಂದು ಹಿಡಿದರೆ, ಸುಮಾರು 40 ಕಿಲೋ ಗ್ಯಾಸ್ ಬೇಕು. ಅಂದರೆ ವಾಣಿಜ್ಯ ಬಳಕೆಯ 19 ಕಿಲೋದ ಎರಡು ಸಿಲಿಂಡರಿಗಿಂತ ಹೆಚ್ಚು. ಇದನ್ನು ಹತ್ತು ಗಂಟೆಯಲ್ಲಿ ಮುಗಿಸಬೇಕಾದರೆ ಗಂಟೆಗೆ 4 ಕಿಲೋ ಉರಿಯಬೇಕು. ಆದರೆ ತಂಪು ಹೊತ್ತಿನಲ್ಲಿ ಒಂದು ಸಿಲಿಂಡರಿನೊಳಗಿನ ದ್ರವವು ಆವಿಯಾಗಿ ಹೊರಬರುವುದು ಗಂಟೆಗೆ ಸುಮಾರು ಅರ್ಧದಿಂದ ಒಂದು ಕಿಲೋ ಮಾತ್ರ. ಆದುದರಿಂದ ಹಲವು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಲೇಬೇಕಾಗುತ್ತದೆ. ಒತ್ತಡ ಬಿದ್ದುಹೋದಾಗ ಸಿಲಿಂಡರನ್ನು ಮಲಗಿಸುವುದು, ಅದಕ್ಕೆ ಕುದಿನೀರು ಸುರಿಯುವುದು ಕೆಲಸದವರ ಅಭ್ಯಾಸ. ಮಲಗಿಸಿದರೆ ದ್ರವರೂಪದ ಗ್ಯಾಸೇ ಪೈಪಿಗೆ ನುಗ್ಗುತ್ತದೆ. ಎರಡನ್ನೂ ಕಟ್ಟುನಿಟ್ಟಾಗಿ ತಡೆಯಿರಿ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ 100 ಕಿಲೋಗಿಂತ ಹೆಚ್ಚು ಎಲ್‌ಪಿಜಿಯನ್ನು ಸಿಲಿಂಡರುಗಳಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಐದು ಸಿಲಿಂಡರಿಗೆ 95 ಕಿಲೋ ಆಗುತ್ತದೆ, ಆರನೆಯದು ಬಂದರೆ ಮಿತಿ ಮೀರುತ್ತದೆ. ಮನೆಬಳಕೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ಇದಕ್ಕೆ ಬಳಸುವಂತೆಯೇ ಇಲ್ಲ.

ಸಿಲಿಂಡರುಗಳು ಹೀಟರಿನಿಂದ ಹತ್ತು ಅಡಿಗೂ ಆಚೆ, ನೆಲದಿಂದ ತುಸು ಎತ್ತರದ ಕಟ್ಟೆಯ ಮೇಲೆ, ಕೆಳಭಾಗದಲ್ಲಿ ಗಾಳಿಯಾಡುವ ಜಾಲರಿಯ ಬೇಲಿಯೊಳಗೆ ನೇರವಾಗಿ ನಿಂತಿರಲಿ. ಬೇಸಿಗೆಯ ಬಿಸಿಲಿಗೆ ತಗಡಿನ ನೆರಳು ಸಾಕು. ಪಂಪ್ ಕೋಣೆಯ ಮೆಟ್ಟಿಲು, ಚರಂಡಿಯ ಬಾಯಿ, ಭತ್ತದ ಹುಲ್ಲಿನ ಬಣವೆ, ವಾಹನ ನಿಲ್ಲಿಸುವ ಜಾಗ ಇವೆಲ್ಲದರಿಂದ ದೂರವಿರಲಿ. ಮುಖ್ಯವಾಗಿ, ಪಂಪ್ ಕೋಣೆಯ ಕಡೆಗೆ ಇಳಿಜಾರಿರುವ ನೆಲ ಆಗಬಾರದು. ಜೋಡಣೆಯನ್ನು ಗ್ಯಾಸ್ ಕಂಪನಿಯ ಅಧಿಕೃತ ವಿತರಕರ ಮೂಲಕವೇ ಮಾಡಿಸಿ. ಆನೆಗೊಂದಿಯು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿರುವುದರಿಂದ, ಶೆಡ್ಡು ಎಷ್ಟೇ ಸಣ್ಣದಾಗಿರಲಿ, ಕಟ್ಟುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ವರ್ಷದ ಒಂಬತ್ತು ಹತ್ತು ತಿಂಗಳು ಹೀಟರ್ ಸುಮ್ಮನೆ ನಿಂತಿರುವುದರಿಂದ ಬರ್ನರಿನ ಸಣ್ಣ ರಂಧ್ರಗಳಲ್ಲಿ ಜೇಡ, ಕಣಜಗಳು ಗೂಡು ಕಟ್ಟುತ್ತವೆ. ಪ್ರತಿ ವರ್ಷ ದೀಪಾವಳಿಯ ಸುಮಾರಿಗೆ ಒಮ್ಮೆ ಬಿಚ್ಚಿಸಿ ನೋಡದೆ ಹೊತ್ತಿಸಬೇಡಿ. ಕೊನೆಗೆ, ಕೇಳದಿದ್ದರೂ ಹೇಳುತ್ತೇನೆ: ಕೊಳದ ಶಾಖ ಹೆಚ್ಚಾಗಿ ಹೋಗುವುದು ಮೇಲ್ಮೈಯಿಂದ ನೀರು ಆವಿಯಾಗುವುದರಿಂದ. ರಾತ್ರಿ ಹೊದಿಸುವ ಕವರು ಮತ್ತು ಮಾಳಿಗೆಯ ಮೇಲೊಂದಿಷ್ಟು ಸೌರ ಫಲಕಗಳನ್ನು ಮೊದಲು ಪ್ರಯತ್ನಿಸಿ. ಇಷ್ಟು ಬಿಸಿಲಿರುವ ಜಿಲ್ಲೆಯಲ್ಲಿ ಗ್ಯಾಸ್ ಹೀಟರಿನ ಅಗತ್ಯವೇ ಬೀಳದಿರಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಈಜುಕೊಳವಿಲ್ಲ, ಆದರೆ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸುರಕ್ಷಿತವೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಸಾಲದು. ಹೊರಗಿನ ಗಾಳಿ ಒಳಬರಲು ಕೆಳಗೆ ದಾರಿಯಿಲ್ಲದಿದ್ದರೆ, ಫ್ಯಾನು ಎಳೆಯುವ ಸೆಳೆತಕ್ಕೆ ಗೀಸರಿನಿಂದ ಮೇಲೇರಬೇಕಾದ ಹೊಗೆಯೇ ಕೋಣೆಯೊಳಕ್ಕೆ ಹಿಂದಿರುಗಬಹುದು. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಗೀಸರ್ ಮಾತ್ರ ಉರಿಯುತ್ತಲೇ ಇರುತ್ತದೆ. ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನಿಂದ ತೆಗೆದು ಹಿತ್ತಲಿನ ತೆರೆದ ಗೋಡೆಗೆ, ಕಿಟಕಿಯಿಂದ ದೂರವಾಗಿ ಹಾಕಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಆ ಕೆಲಸ ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿಸಿದ ಮೇಲೆಯೇ ಸ್ನಾನಕ್ಕೆ ಹೋಗಿ. ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ ಕೂಡಲೇ ಹೊರಗೆ ಬನ್ನಿ. ಯಾರಾದರೂ ಒಳಗೆ ಕುಸಿದಿದ್ದರೆ ಬಾಗಿಲು ತೆರೆದು ಅವರನ್ನು ಹೊರಗಿನ ಗಾಳಿಗೆ ತಂದು, ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿಯ ಸಂಖ್ಯೆ 1906.