ಪೆನ್ನಿನ ಇಂಕು ಮುಗಿದರೆ ದೇವರು ಬೇಡ ಅಂದ ಹಾಗೆಯೇ?

ಪ್ರಶ್ನೆ: ನನಗೆ 36 ವರ್ಷ. 11 ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷ ಸಂಬಳವಿಲ್ಲ. ಉತ್ತರ ಕೊಡಲು ಇನ್ನು ಮೂರೇ ವಾರ. ಅರ್ಜಿ ತುಂಬುವಾಗ ಪೆನ್ನಿನ ಇಂಕು ಮುಗಿಯಿತು, ಮರುದಿನ ಲಿಫ್ಟ್ ಕೆಟ್ಟು ನಿಂತಿತು. ದೇವರು ಕೆಂಪು ದೀಪ ತೋರಿಸುತ್ತಿದ್ದಾನೆಯೇ? ಅಮ್ಮ ‘ದೇವರಿಟ್ಟ ಹಾಗೆ ಆಗಲಿ, ಬಿಡು’ ಅನ್ನುತ್ತಾರೆ. ಬಿಡುವುದು ಅಂದರೆ ಏನು?

ಉತ್ತರ: ನಿಮ್ಮ ಪತ್ರದ ತಿರುಳು ಆ ಕೊನೆಯ ಪ್ರಶ್ನೆಯಲ್ಲಿದೆ. ಅದಕ್ಕೆ ಮೊದಲು ಪೆನ್ನಿನ ವಿಷಯ ಮುಗಿಸಿಬಿಡೋಣ. ಅದೇ ಪೆನ್ನು ಕಚೇರಿಯಲ್ಲಿ ಲೆಕ್ಕ ಬರೆಯುವಾಗ ಕೈಕೊಟ್ಟಿದ್ದರೆ ‘ಈ ಕೆಲಸ ಬಿಟ್ಟುಬಿಡು ಅಂತ ದೇವರು ಹೇಳುತ್ತಿದ್ದಾನೆ’ ಅಂದುಕೊಳ್ಳುತ್ತಿದ್ದಿರಾ? ಪಕ್ಕದವರ ಪೆನ್ನು ಕೇಳಿ ಪಡೆಯುತ್ತಿದ್ದಿರಿ, ಅಷ್ಟೆ.

1960ರಲ್ಲಿ ಪೀಟರ್ ವೇಸನ್ ಎಂಬ ಮನೋವಿಜ್ಞಾನಿ ಒಂದು ಪ್ರಯೋಗ ಪ್ರಕಟಿಸಿದರು. 2, 4, 6 ಎಂಬ ಅಂಕಿ ಕೊಟ್ಟು, ಇದರ ಹಿಂದಿರುವ ನಿಯಮ ಯಾವುದೆಂದು ಕಂಡುಹಿಡಿಯಲು ಹೇಳಿದರು. ನಿಮ್ಮದೇ ಅಂಕಿಗಳನ್ನು ಮುಂದಿಟ್ಟು ನಿಯಮಕ್ಕೆ ಹೊಂದುತ್ತದೆಯೇ ಎಂದು ಕೇಳಬಹುದು. ಬಹಳ ಜನ 8, 10, 12ರಂಥವನ್ನೇ ಕೊಟ್ಟು, ಹೌದು ಅನ್ನಿಸಿಕೊಂಡು, ಎರಡೆರಡು ಏರುವುದೇ ನಿಯಮ ಎಂದು ನಂಬಿದರು. ನಿಜವಾದ ನಿಯಮ ಅಂಕಿಗಳು ಏರುತ್ತಾ ಹೋಗಬೇಕು ಅನ್ನುವುದಷ್ಟೇ. 1, 2, 3 ಕೊಟ್ಟಿದ್ದರೂ ಗುಟ್ಟು ಬಯಲಾಗುತ್ತಿತ್ತು. ನೀವೂ ನಿಮ್ಮ ಅಳುಕಿಗೆ ತಾಳೆಯಾಗುವ ಅಂಕಿಗಳನ್ನೇ ಆರಿಸುತ್ತಿದ್ದೀರಿ. ಅಲ್ಲ, ಸೀಟು ಸಿಕ್ಕಿದ್ದನ್ನು ಶಕುನದ ಪಟ್ಟಿಗೆ ಯಾಕೆ ಸೇರಿಸಲಿಲ್ಲ?

ಹಾಗಂತ ಕಣ್ಣೆದುರಿನ ವಸ್ತುಗಳಲ್ಲಿ ಬದುಕನ್ನು ಕಾಣುವ ಅಭ್ಯಾಸ ಬಿಡಬೇಡಿ. ನನಗೂ ಅದೇ ಚಟ. ಶಕುನ ತೀರ್ಪು ಕೊಟ್ಟು ಸುಮ್ಮನಾಗುತ್ತದೆ, ಉಪಮೆ ನಮ್ಮಿಂದ ಲೆಕ್ಕ ಕೇಳುತ್ತದೆ. ನಿಮ್ಮ ಕೆಂಪು ದೀಪವನ್ನೇ ತೆಗೆದುಕೊಳ್ಳಿ. ಅದು ಮನೆಗೆ ವಾಪಸ್ ಹೋಗು ಅನ್ನುವುದಿಲ್ಲ. ಅಡ್ಡ ಬರುವವರಿದ್ದಾರೆ, ಅವರು ದಾಟಲಿ ಅನ್ನುತ್ತದೆ. ನಿಮಗೆ ಅಡ್ಡ ಬರುತ್ತಿರುವುದೇನು? ಎರಡು ವರ್ಷದ ಖರ್ಚು, ಸಾಲವಿದ್ದರೆ ಅದರ ಕಂತು, ಅಮ್ಮನನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ಅದನ್ನು ಕಾಗದದ ಮೇಲೆ ಕೂಡಿಸಿ ಕಳೆಯಿರಿ, ನಿಮಗಿಂತ ಚೆನ್ನಾಗಿ ಯಾರು ಮಾಡಿಯಾರು? ತರಬೇತಿ ಮುಗಿಸಿದವರೊಬ್ಬರನ್ನು ಮಾತಾಡಿಸಿ. ಸಾಧ್ಯವಾದರೆ ಒಂದು ದಿನ ಆ ಮಕ್ಕಳ ತರಗತಿಯಲ್ಲಿ ಕೂತು ಬನ್ನಿ.

ಇನ್ನು ಅಮ್ಮನ ‘ಬಿಡು’. ಕೈಬಿಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ನಿಂತ ನೀರಲ್ಲಿ ನಿಂತ ದೋಣಿಯ ಚುಕ್ಕಾಣಿಯನ್ನು ಎತ್ತ ತಿರುಗಿಸಿ ಹಿಡಿದರೂ ದೋಣಿ ಹೊರಳುವುದಿಲ್ಲ. ಚುಕ್ಕಾಣಿಯ ಹಲಗೆಗೆ ನೀರು ಒತ್ತಿ ಹರಿಯಬೇಕು, ಅದಕ್ಕೆ ದೋಣಿ ಸಾಗುತ್ತಿರಬೇಕು. ಚುಕ್ಕಾಣಿ ದೇವರ ಕೈಯಲ್ಲಿದೆ ಅಂತ ನಂಬುವವರೂ ಹುಟ್ಟು ಹಾಕಲೇಬೇಕು. ನಿಮ್ಮಮ್ಮ ಹುಟ್ಟು ಬಿಡು ಅಂದಿರಲಾರರು. ಕೇಳಿ ನೋಡಿ.

ಗೀತೆಯ ಎರಡನೇ ಅಧ್ಯಾಯದಲ್ಲಿ ಅರ್ಜುನನ ಬೇಡಿಕೆಯೂ ನಿಮ್ಮದೇ: ಯಾವುದು ಒಳ್ಳೆಯದೋ ಖಚಿತವಾಗಿ ಹೇಳಿಬಿಡು. ಕೃಷ್ಣ ಹದಿನೆಂಟನೇ ಅಧ್ಯಾಯದ 62ನೇ ಶ್ಲೋಕದಲ್ಲಿ ಈಶ್ವರನಿಗೆ ಶರಣಾಗು ಅನ್ನುತ್ತಾನೆ. ಮರು ಶ್ಲೋಕದಲ್ಲೇ, ಇದನ್ನೆಲ್ಲ ಪೂರ್ತಿ ವಿಮರ್ಶಿಸಿ ನಿನ್ನಿಚ್ಛೆಯಂತೆ ಮಾಡು ಅನ್ನುತ್ತಾನೆ. ಎರಡು ಮಾತು ಒಂದರ ಪಕ್ಕ ಒಂದು. ಶರಣಾಗುವುದಕ್ಕೂ ಸ್ವಂತ ತಲೆ ಓಡಿಸುವುದಕ್ಕೂ ಅವನಿಗೆ ಜಗಳ ಕಂಡಿಲ್ಲ, ನಮಗೇ ಕಾಣುವುದು. ಆಯ್ಕೆ ನೀವು ಮಾಡಿ. ಅದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ದೇವರಿಗೆ ಬಿಟ್ಟುಕೊಡಿ.

ಒಂದು ಮಾತು ಹೇಳಲೋ ಬೇಡವೋ ಅಂದುಕೊಂಡೆ. ನಿಮ್ಮ ಶಕುನಗಳೆಲ್ಲ ‘ಬೇಡ’ದ ಕಡೆಗೇ ವಾಲಿವೆ. ಒಳಗೇ ಬೇಡ ಅನ್ನಿಸಿದ್ದರೆ ಬೇಡ ಅನ್ನಿ, ಅದರಲ್ಲಿ ತಪ್ಪೇನೂ ಇಲ್ಲ. ದೇವರ ಬಾಯಲ್ಲಿ ಮಾತ್ರ ಹೇಳಿಸಬೇಡಿ. ಬೇಕು ಅನ್ನಿಸಿ ಭಯವಾಗುತ್ತಿದ್ದರೆ, ಯಾವುದಕ್ಕೆ ಭಯ ಎಂದು ಅಮ್ಮನ ಎದುರು ಬಾಯಿಬಿಟ್ಟು ಹೇಳಿ.

ಆಮೇಲೆ ಉತ್ತರ ಬರೆಯಲು ಕೂರಿ. ಪಕ್ಕದಲ್ಲಿ ಇನ್ನೊಂದು ಪೆನ್ನು ಇರಲಿ.