ಎರಡು ಎಕರೆ ಇದ್ದೂ ಗಾರ್ಮೆಂಟ್ಸ್‌ಗೆ ಯಾಕೆ?

ಎರಡು ಎಕರೆ ಇದ್ದೂ ಮದ್ದೂರು ಕಡೆಯ ಹೆಂಗಸರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ, ಬೇಸಾಯ ಬೇಡವಾಯ್ತಾ ಅಂತ ಕೇಳಿದ್ದೀರಿ. ಬೇಡವಾಗಿಲ್ಲ ಸರ್, ಸಾಲದು ಅಷ್ಟೇ. 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ರೈತ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ, ಸಂಬಳದ್ದು 4,063. ಬೆಳೆಯದ್ದು ಬರೀ 3,798.

ನನ್ನ ಪ್ರಕಾರ ಮೊತ್ತಕ್ಕಿಂತ ದುಡ್ಡು ಕೈಗೆ ಬರೋ ಹೊತ್ತು ಮುಖ್ಯ. ಕಬ್ಬು ಕಟಾವಿಗೆ ಬರೋಕೆ ವರ್ಷ ಬೇಕು, ಕಡಿದು ಸಾಗಿಸಿದ ಮೇಲೂ ಕಾರ್ಖಾನೆ ಬಿಲ್ಲಿಗೆ ಕಾಯಬೇಕು. ಮಕ್ಕಳ ಫೀಸು, ಸಂಘದ ಸಾಲದ ಕಂತು ಅಲ್ಲಿವರೆಗೆ ಕಾಯ್ತವಾ? ಡೇರಿಗೆ ಹಾಕಿದ ಹಾಲಿನ ದುಡ್ಡು ಒಂದಿಷ್ಟು ತೂಗಿಸುತ್ತೆ, ಮಿಕ್ಕಿದ್ದಕ್ಕೆ ತಿಂಗಳ ಸಂಬಳವೇ ಗತಿ. ಪಿಎಫ್, ಇಎಸ್‌ಐ ಬೇರೆ ಇರುತ್ತೆ. (ಹೊಲದ ಕೆಲಸಕ್ಕೆ ಯಾರು ಕೊಡ್ತಾರೆ ಇದನ್ನೆಲ್ಲ?) ಎಷ್ಟೋ ಮನೆಗಳಲ್ಲಿ ಗೊಬ್ಬರ, ಬೋರ್‌ವೆಲ್ ರಿಪೇರಿಗೂ ಆ ಸಂಬಳವೇ ಹೋಗೋದು. ಅಂದರೆ ಗಾರ್ಮೆಂಟ್ಸ್ ದುಡ್ಡಲ್ಲೇ ಬೇಸಾಯ ನಡೀತಿದೆ.

ಇನ್ನು ರಾಯಚೂರು, ಯಾದಗಿರಿ ಕಡೆಯ ಗುಳೆ ಜೊತೆ ಇದನ್ನ ಸೇರಿಸಬೇಡಿ. ಅಲ್ಲಿ ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಮಕ್ಕಳ ಸಮೇತ ಹೊರಡ್ತಾರೆ. ಇಲ್ಲಿ ಸಂಜೆ ವಾಪಸ್ ಬಂದು ಹಸುವಿಗೆ ಹುಲ್ಲು ಹಾಕೋರೂ ಅದೇ ಹೆಂಗಸರು.